ಮಾತಿಗೆ ಕರೆಯದ ಸಭೆಯಲ್ಲಿ ಎದ್ದು ನಿಂತ ಮೇಡಂ ವಾಕರ್

ಉದ್ಯಮಿಗಳ ಸಮಾವೇಶ ಅಂದರೆ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ವೇದಿಕೆ ಮೇಲೆ ಬ್ಯಾಂಕಿನವರು, ಇಲಾಖೆಯವರು, ದೊಡ್ಡ ಕಾರ್ಖಾನೆಯವರು. ಮುಂದಿನ ಸೋಫಾದಲ್ಲಿ ಅವರ ಜತೆ ಬಂದವರು. ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ರೊಟ್ಟಿ, ಚಟ್ನಿಪುಡಿ, ಹಪ್ಪಳ, ಅಗರಬತ್ತಿ ಮಾಡಿ ಮಾರುವವರು. ಇಂಥ ಸಭೆಗಳ ವರದಿಗೆ ಹೋದಾಗ ನಾನು ಹಿಂದಿನ ಸಾಲನ್ನೇ ಹೆಚ್ಚು ನೋಡುತ್ತೇನೆ. ಒಬ್ಬೊಬ್ಬರೇ ಬಂದವರು ಭಾಷಣ ಕೇಳುತ್ತಾರೆ, ಊಟದ ಕೂಪನ್ ಕೊಟ್ಟು ಊಟ ಮಾಡುತ್ತಾರೆ, ಸಂಜೆ ಬಸ್ಸಿಗೆ ಹೊರಡುತ್ತಾರೆ. ನಿಮ್ಮದೇನು ವ್ಯಾಪಾರ, ಹೇಗೆ ನಡೀತಿದೆ ಅಂತ ಅವರನ್ನು ಯಾರೂ ಕೇಳುವುದಿಲ್ಲ.

ಹಾಗೆ ಯಾರೂ ಕೇಳದಿದ್ದಾಗ ತಾವೇ ಎದ್ದು ನಿಂತು ಹೇಳಿದ ಒಬ್ಬ ಹೆಣ್ಣುಮಗಳ ಕಥೆ ಇದು. ನಡೆದದ್ದು 1912ರ ಆಗಸ್ಟ್‌ನಲ್ಲಿ, ಅಮೆರಿಕದ ಶಿಕಾಗೊ ನಗರದಲ್ಲಿ. ಅವರ ಹೆಸರು ಸಾರಾ ಬ್ರೀಡ್‌ಲವ್. ವ್ಯಾಪಾರದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಮೇಡಂ ಸಿ. ಜೆ. ವಾಕರ್ ಎಂದು.

ಹತ್ತಿ ಹೊಲದಿಂದ

ಸಾರಾ ಹುಟ್ಟಿದ್ದು 1867ರ ಡಿಸೆಂಬರ್ 23ರಂದು, ಲೂಸಿಯಾನಾ ರಾಜ್ಯದ ಡೆಲ್ಟಾ ಎಂಬ ಹಳ್ಳಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ಬಿಳಿಯ ಜಮೀನುದಾರನ ಹತ್ತಿ ತೋಟದಲ್ಲಿ ಗುಲಾಮರಾಗಿ ದುಡಿದವರು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1865ರಲ್ಲಿ. ಹೀಗಾಗಿ ಆ ಮನೆಯಲ್ಲಿ ಸ್ವತಂತ್ರವಾಗಿ ಹುಟ್ಟಿದ ಮೊದಲ ಮಗು ಸಾರಾ. ಆದರೆ ಆ ಸ್ವಾತಂತ್ರ್ಯಕ್ಕೆ ಭೂಮಿಯೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಅದೇ ತೋಟದಲ್ಲಿ ಪಾಲಿಗೆ ಹತ್ತಿ ಬೆಳೆಯುವುದೇ ಬದುಕು.

ಏಳು ವರ್ಷ ತುಂಬುವ ಹೊತ್ತಿಗೆ ಸಾರಾ ತಬ್ಬಲಿ. ಹದಿನಾಲ್ಕಕ್ಕೆ ಮದುವೆ. ಹದಿನೇಳಕ್ಕೆ ಒಬ್ಬ ಮಗಳು. ಇಪ್ಪತ್ತಕ್ಕೆ ಗಂಡ ತೀರಿಕೊಂಡರು. ಎಳೆಯ ಮಗಳನ್ನು ಕರೆದುಕೊಂಡು ಸೇಂಟ್ ಲೂಯಿ ನಗರಕ್ಕೆ ಹೋದರು. ಅವರ ಅಣ್ಣಂದಿರು ಅಲ್ಲಿ ಕ್ಷೌರದ ಕೆಲಸ ಮಾಡುತ್ತಿದ್ದರು. ಸಾರಾಗೆ ಸಿಕ್ಕಿದ್ದು ಬೇರೆಯವರ ಮನೆ ಬಟ್ಟೆ ಒಗೆಯುವ ಕೆಲಸ. ಸುಮಾರು 15 ವರ್ಷ ಅವರು ಮಾಡಿದ್ದು ಅದನ್ನೇ.

ಅದರ ಮಧ್ಯೆ ತಲೆಕೂದಲು ಉದುರತೊಡಗಿತು. ಆಗ ಬಡ ಹೆಂಗಸರಲ್ಲಿ ಇದು ಸಾಮಾನ್ಯ. ಮನೆಯಲ್ಲಿ ನಲ್ಲಿ ಇಲ್ಲ, ವಾರಗಟ್ಟಲೆ ತಲೆಗೆ ನೀರು ಬೀಳುವುದಿಲ್ಲ. ಊಟ ಸರಿಯಿಲ್ಲ. ನೆತ್ತಿಯಲ್ಲಿ ಹೊಟ್ಟು, ಹುಣ್ಣು. ಇದಕ್ಕೆ ಮದ್ದು ಹುಡುಕುತ್ತ ಸಾರಾ ಆನಿ ಟರ್ನ್‌ಬೋ ಎಂಬ ಕಪ್ಪು ಮಹಿಳೆ ತಯಾರಿಸುತ್ತಿದ್ದ ಕೂದಲಿನ ಔಷಧ ಬಳಸಿದರು. ಆಮೇಲೆ ಅದೇ ಔಷಧ ಮಾರುವ ಏಜೆಂಟ್ ಆದರು. ಆನಿ ಮುಂದೆ ಆನಿ ಮಲೋನ್ ಎಂದು ಹೆಸರಾದ ದೊಡ್ಡ ಉದ್ಯಮಿ. ಈ ವ್ಯಾಪಾರದಲ್ಲಿ ದಾರಿ ಮಾಡಿದವರು ಅವರು ಎಂಬುದನ್ನು ಮರೆಯಬಾರದು. ಇಬ್ಬರ ನಡುವೆ ಮುಂದೆ ಪೈಪೋಟಿಯೂ ಮನಸ್ತಾಪವೂ ಬೆಳೆಯಿತು.

ಒಂದೂವರೆ ಡಾಲರ್

1905ರಲ್ಲಿ ಸಾರಾ ಡೆನ್ವರ್ ನಗರಕ್ಕೆ ಹೋದರು. ಆಗ ಕೈಯಲ್ಲಿದ್ದದ್ದು ಒಂದೂವರೆ ಡಾಲರ್ ಎಂದು ಅವರೇ ಮುಂದೆ ಹೇಳುತ್ತಿದ್ದರು. ಅಡುಗೆ ಕೆಲಸ ಮಾಡಿಕೊಂಡು, ಬಿಡುವಿನಲ್ಲಿ ತಮ್ಮದೇ ಮುಲಾಮು ತಯಾರಿಸಿ ಮನೆ ಮನೆಗೆ ಹೋಗಿ ಮಾರಿದರು. 1906ರಲ್ಲಿ ಚಾರ್ಲ್ಸ್ ಜೋಸೆಫ್ ವಾಕರ್ ಎಂಬವರನ್ನು ಮದುವೆಯಾದರು. ಪತ್ರಿಕೆ ಜಾಹೀರಾತಿನ ಕೆಲಸ ಗೊತ್ತಿದ್ದ ಮನುಷ್ಯ. ಆ ಮದುವೆ ಉಳಿಯಲಿಲ್ಲ, ಹೆಸರು ಉಳಿಯಿತು.

'ಮೇಡಂ' ಎಂಬುದಕ್ಕೂ ಅರ್ಥ ಇದೆ. ಆಗಿನ ಬಿಳಿಯರು ಎಷ್ಟೇ ವಯಸ್ಸಾದ ಕಪ್ಪು ಹೆಂಗಸನ್ನೂ ಬರಿ ಹೆಸರು ಹಿಡಿದು ಕೂಗುತ್ತಿದ್ದರು. ಡಬ್ಬಿಯ ಮೇಲೆ 'ಮೇಡಂ ಸಿ. ಜೆ. ವಾಕರ್' ಎಂದು ಅಚ್ಚು ಹಾಕಿಸಿದರೆ ಕರೆಯುವವರು ಮರ್ಯಾದೆಯಿಂದಲೇ ಕರೆಯಬೇಕು. ಬರಿ ಹೆಸರು ಎಲ್ಲೂ ಇಲ್ಲ.

ಅವರ ಮುಲಾಮಿನಲ್ಲಿ ಮುಖ್ಯವಾಗಿ ಇದ್ದದ್ದು ಗಂಧಕ ಮತ್ತು ವ್ಯಾಸಲಿನ್‌ನಂಥ ಜಿಡ್ಡು. ಗಂಧಕ ನೆತ್ತಿಯ ರೋಗಕ್ಕೆ ಹಳೆಯ ಮದ್ದು. ಆದರೆ ಅವರು ಮಾರಿದ್ದು ಮುಲಾಮು ಒಂದನ್ನೇ ಅಲ್ಲ. ತಲೆ ಆಗಾಗ ತೊಳೆಯಬೇಕು, ನೆತ್ತಿ ತಿಕ್ಕಬೇಕು, ಆಮೇಲೆ ಹಚ್ಚಬೇಕು ಎಂಬ ಪದ್ಧತಿಯನ್ನು ಕಲಿಸಿದರು. ಕಲಿತ ಹೆಂಗಸರೇ ಏಜೆಂಟರಾದರು. ಬಿಸಿ ಮಾಡಿ ಕೂದಲು ನೇರ ಮಾಡುವ ಬಾಚಣಿಗೆಯನ್ನು ಅವರೇ ಕಂಡುಹಿಡಿದರು ಎಂದು ಇಂಟರ್‌ನೆಟ್‌ನಲ್ಲಿ ಬೇಕಾದಷ್ಟು ಕಡೆ ಬರೆದಿದ್ದಾರೆ. ಅದು ಸುಳ್ಳು. ಅಂಥ ಬಾಚಣಿಗೆ ಅವರಿಗಿಂತ ಮೊದಲೇ ಯುರೋಪಿನಲ್ಲಿ ಇತ್ತು.

ಸುಮಾರು ಒಂದೂವರೆ ವರ್ಷ ಅವರು ದಕ್ಷಿಣದ ರಾಜ್ಯಗಳಲ್ಲಿ ಊರೂರು ತಿರುಗಿದರು. ಅದು ಸಲೀಸಾದ ತಿರುಗಾಟ ಆಗಿರಲಿಲ್ಲ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ರೈಲು ಡಬ್ಬಿ ಇಡುವುದು ತಪ್ಪಲ್ಲ ಎಂದು ತೀರ್ಪು ಕೊಟ್ಟಿತ್ತು. ಬಿಳಿಯರ ಹೋಟೆಲುಗಳಲ್ಲಿ ಕಪ್ಪು ಜನರಿಗೆ ರೂಮು ಕೊಡುತ್ತಿರಲಿಲ್ಲ. ಹೀಗಾಗಿ ಚರ್ಚಿಗೆ ಸೇರಿದವರ ಮನೆಗಳಲ್ಲಿ ಇಳಿದುಕೊಂಡು, ಚರ್ಚಿನಲ್ಲೇ ತಮ್ಮ ಪದ್ಧತಿ ತೋರಿಸಿ, ಅಲ್ಲೇ ಆರ್ಡರ್ ಹಿಡಿದು, ಮುಂದಿನ ಊರಿಗೆ ಹೊರಡಬೇಕು. ಪ್ರಯಾಣವೇ ಇಷ್ಟು ಕಷ್ಟ ಇದ್ದ ಕಾಲದಲ್ಲಿ ವ್ಯಾಪಾರದ ಸಮ್ಮೇಳನಕ್ಕೆ ಹೋಗುವುದು ಒಬ್ಬ ಹೆಂಗಸಿಗೆ ಸಣ್ಣ ಮಾತಲ್ಲ.

1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಗಳ ಹೆಸರಿನಲ್ಲಿ ತರಬೇತಿ ಶಾಲೆ ತೆರೆದರು. 1910ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದು ನೆಲೆಸಿದರು. ಎಲ್ಲ ದಿಕ್ಕಿಗೂ ರೈಲು ಹೋಗುವ ಊರು ಅದು. ಅಂಚೆಯಲ್ಲಿ ಬಂದ ಆರ್ಡರ್ ಕಳಿಸುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ಅಲ್ಲಿಯೇ ಕಾರ್ಖಾನೆ ಕಟ್ಟಿ, 1911ರಲ್ಲಿ ಕಂಪನಿ ನೋಂದಾಯಿಸಿದರು.

ಮುಚ್ಚಿದ ಬಾಗಿಲುಗಳಿಗೆ ಉತ್ತರವಾಗಿ ಹುಟ್ಟಿದ ಲೀಗ್

ಈಗ ಆ ಸಮ್ಮೇಳನದ ವಿಷಯ. ಬಿಳಿಯರ ವ್ಯಾಪಾರಿ ಸಂಘಗಳಲ್ಲಿ ಕಪ್ಪು ವ್ಯಾಪಾರಿಗಳಿಗೆ ಜಾಗ ಇರಲಿಲ್ಲ. ಬಿಳಿಯರ ಬ್ಯಾಂಕುಗಳಲ್ಲಿ ಅವರಿಗೆ ಸಾಲ ಹುಟ್ಟುವುದು ಬಹಳ ಕಷ್ಟ. ಹಾಗಾಗಿ 1900ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಅವರು ಬೋಸ್ಟನ್ ನಗರದಲ್ಲಿ 'ನ್ಯಾಷನಲ್ ನೀಗ್ರೋ ಬಿಸಿನೆಸ್ ಲೀಗ್' ಕಟ್ಟಿದರು. ಆಗ ಕಪ್ಪು ಜನರನ್ನು ನೀಗ್ರೋ ಎಂದೇ ಕರೆಯುತ್ತಿದ್ದರು. ಈಗ ಆ ಪದ ಬಳಸುವುದಿಲ್ಲ, ಸಂಸ್ಥೆಯ ಹೆಸರು ಹಾಗಿದ್ದದ್ದರಿಂದ ಇಲ್ಲಿ ಹಾಗೇ ಬರೆದಿದ್ದೇನೆ.

ವಾಷಿಂಗ್ಟನ್ ಕೂಡ ಗುಲಾಮರಾಗಿ ಹುಟ್ಟಿದವರು. ಅಲಬಾಮಾದ ಟಸ್ಕಿಗೀಯಲ್ಲಿ 1881ರಿಂದ ದೊಡ್ಡ ಶಿಕ್ಷಣ ಸಂಸ್ಥೆ ನಡೆಸಿದವರು. ಕೈಕಸುಬು ಕಲಿಯಿರಿ, ಜಮೀನು ಕೊಳ್ಳಿರಿ, ಅಂಗಡಿ ಹಾಕಿರಿ, ಮರ್ಯಾದೆ ತಾನಾಗಿ ಬರುತ್ತದೆ ಎಂಬುದು ಅವರ ನಿಲುವು. ಪ್ರತಿ ವರ್ಷ ಒಂದು ಊರಿನಲ್ಲಿ ಲೀಗಿನ ಸಮ್ಮೇಳನ. ಕಿರಾಣಿ ಅಂಗಡಿಯವರು, ರೈತರು, ಬ್ಯಾಂಕಿನವರು, ಶವಸಂಸ್ಕಾರದ ವ್ಯವಸ್ಥೆ ಮಾಡುವವರು ಒಬ್ಬೊಬ್ಬರಾಗಿ ಎದ್ದು ತಾವು ಹೇಗೆ ಮೇಲೆ ಬಂದೆವು ಎಂದು ಹೇಳಬೇಕು. ಕೇಳಿದವರು ಕಲಿಯಬೇಕು. ಯಾರು ಮಾತಾಡಬೇಕು ಎಂಬುದು ಮಾತ್ರ ಬಹುಮಟ್ಟಿಗೆ ಅಧ್ಯಕ್ಷರ ಕೈಯಲ್ಲಿ. ಅಧ್ಯಕ್ಷರು 1915ರಲ್ಲಿ ತೀರಿಕೊಳ್ಳುವ ತನಕವೂ ವಾಷಿಂಗ್ಟನ್ ಅವರೇ.

ಅವರಿಗೆ ಕೂದಲಿನ ವ್ಯಾಪಾರ ಹಿಡಿಸುತ್ತಿರಲಿಲ್ಲ. ಕೂದಲು ನೇರ ಮಾಡುವ, ಬಣ್ಣ ತಿಳಿ ಮಾಡುವ ಸಾಮಾನುಗಳು ನಮ್ಮ ಜನ ಬಿಳಿಯರ ಹಾಗೆ ಕಾಣಲು ಹಂಬಲಿಸುವಂತೆ ಮಾಡುತ್ತವೆ ಎಂಬುದು ಅವರ ಅಭಿಪ್ರಾಯ. ಆ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಆಗಿನ ಪತ್ರಿಕೆಗಳಲ್ಲಿ ಅಂಥ ಮೋಸದ ಜಾಹೀರಾತು ಬೇಕಾದಷ್ಟು ಬರುತ್ತಿದ್ದವು. ಮೇಡಂ ವಾಕರ್ ತಮ್ಮದು ಅಂಥ ವ್ಯಾಪಾರ ಅಲ್ಲ, ನಾನು ಕೂದಲು ನೇರ ಮಾಡುವವಳಲ್ಲ, ನೆತ್ತಿಯ ರೋಗ ವಾಸಿ ಮಾಡಿ ಕೂದಲು ಬೆಳೆಸುವವಳು ಎನ್ನುತ್ತಿದ್ದರು. ಅದನ್ನು ಹೇಳಲು ಅವರಿಗೆ ಒಂದು ಅವಕಾಶ ಬೇಕಿತ್ತು.

ಶಿಕಾಗೊ ಸಮ್ಮೇಳನಕ್ಕೆ ಕೆಲವು ತಿಂಗಳ ಮೊದಲೇ ಅವರು ವಾಷಿಂಗ್ಟನ್‌ಗೆ ಪತ್ರ ಬರೆದಿದ್ದರು. ಟಸ್ಕಿಗೀಯಲ್ಲಿ ವರ್ಷಕ್ಕೊಮ್ಮೆ ನಡೆಯುವ ರೈತರ ಸಭೆಗೆ ಬಂದು ನನ್ನ ಕೆಲಸದ ಬಗ್ಗೆ ಹೇಳಲೇ ಎಂದು ಕೇಳಿದ್ದರು. ಬರುವ ಅಗತ್ಯ ಇಲ್ಲ ಎಂಬ ಅರ್ಥದ, ನಯವಾದ ಉತ್ತರ ಬಂತು. 1912ರ ಜನವರಿಯಲ್ಲಿ ಅವರು ಹೋದರು. ಅಷ್ಟು ದೂರ ಬಂದವರನ್ನು ಕಳಿಸಲಾಗದೆ ಸ್ವಲ್ಪ ಹೊತ್ತು ಮಾತಾಡಲು ಬಿಟ್ಟರು. ಹಾಗಾಗಿ ಶಿಕಾಗೊಗೆ ಬರುವ ಹೊತ್ತಿಗೆ ಇಬ್ಬರಿಗೂ ಪರಿಚಯ ಇತ್ತು. ಆಕೆ ಯಾರು ಎಂದು ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಶಿಕಾಗೊದ ಕೊನೆಯ ದಿನ

ಆಗಸ್ಟ್‌ನಲ್ಲಿ ಲೀಗಿನ 13ನೇ ಸಮ್ಮೇಳನ. ಮೇಡಂ ವಾಕರ್ ಅವರನ್ನು ಭಾಷಣಕ್ಕೆ ಕರೆದಿರಲಿಲ್ಲ. ಸಭೆ ನಡೆಯುತ್ತಿದ್ದಾಗ ಜಾರ್ಜ್ ನಾಕ್ಸ್ ಎಂಬವರು ಎದ್ದರು. ಗುಲಾಮರಾಗಿ ಹುಟ್ಟಿ, ಕ್ಷೌರಿಕರಾಗಿ ದುಡಿದು, ಕೊನೆಗೆ ಇಂಡಿಯಾನಾಪೊಲಿಸ್‌ನ 'ಫ್ರೀಮನ್' ಪತ್ರಿಕೆಯ ಮಾಲೀಕರಾದವರು ಅವರು. ನಮ್ಮ ಊರಿನ ಈ ಉದ್ಯಮಿಗೂ ಮಾತಾಡಲು ಅವಕಾಶ ಕೊಡಿ ಎಂದು ಕೇಳಿದರು. ಮೇಡಂ ವಾಕರ್ ಆ ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದವರು ಎಂಬುದನ್ನೂ ಹೇಳಬೇಕು. ಆದರೂ ತುಂಬಿದ ಸಭೆಯಲ್ಲಿ ಅಧ್ಯಕ್ಷರ ಇಷ್ಟಕ್ಕೆ ವಿರುದ್ಧವಾಗಿ ಏಳುವುದಕ್ಕೆ ಧೈರ್ಯ ಬೇಕು. ವಾಷಿಂಗ್ಟನ್ ಸದಸ್ಯತ್ವದ ವಿಷಯ ಎತ್ತಿಕೊಂಡು ಆ ಕೋರಿಕೆಯನ್ನು ಅಲ್ಲಿಗೇ ಬಿಟ್ಟರು.

ಕೊನೆಯ ದಿನ ಬಂತು. ಇನ್ನು ಸಭೆ ಮುಗಿದರೆ ಮತ್ತೆ ಒಂದು ವರ್ಷ ಕಾಯಬೇಕು. ಮೇಡಂ ವಾಕರ್ ತಾವೇ ಎದ್ದು ನಿಂತರು. ಯಾರ ಅಪ್ಪಣೆಗೂ ಕಾಯಲಿಲ್ಲ. ನನ್ನ ಮುಖದ ಮೇಲೆ ಬಾಗಿಲು ಹಾಕುವುದಿಲ್ಲ ಎಂದುಕೊಂಡಿದ್ದೇನೆ ಎಂಬ ಅರ್ಥದಲ್ಲಿ ಮಾತು ಶುರು ಮಾಡಿದರು.

ಲೀಗಿನವರು ಸಮ್ಮೇಳನದ ಮಾತನ್ನೆಲ್ಲ ಬರೆಸಿ ಪುಸ್ತಕವಾಗಿ ಅಚ್ಚು ಹಾಕಿಸುತ್ತಿದ್ದರು. ಅದರಲ್ಲಿ ಈ ಕರೆಯದ ಭಾಷಣವೂ ಸೇರಿದೆ. ಎಲ್ಲೆಲ್ಲಿ ಚಪ್ಪಾಳೆ ಬಿತ್ತು ಎಂಬುದೂ ಇದೆ. ಬರೆದುಕೊಳ್ಳುವವನು ತನ್ನ ಕೆಲಸ ಮಾಡಿದ್ದರಿಂದ ನಮಗೆ ಇಂದು ಅದು ಗೊತ್ತಾಗುತ್ತಿದೆ.

ಅವರು ಹೇಳಿದ್ದರ ಸಾರ ಇಷ್ಟು. ನಾನು ದಕ್ಷಿಣದ ಹತ್ತಿ ಹೊಲದಿಂದ ಬಂದವಳು. ಅಲ್ಲಿಂದ ಬಟ್ಟೆ ಒಗೆಯುವ ಕೆಲಸಕ್ಕೆ ಬಡ್ತಿ ಸಿಕ್ಕಿತು, ಅಲ್ಲಿಂದ ಅಡುಗೆಮನೆಗೆ ಬಡ್ತಿ ಸಿಕ್ಕಿತು. ಅಲ್ಲಿಂದ ಮುಂದೆ ನನಗೆ ನಾನೇ ಬಡ್ತಿ ಕೊಟ್ಟುಕೊಂಡು ಕೂದಲಿನ ಸಾಮಾನು ತಯಾರಿಸುವ ವ್ಯಾಪಾರಕ್ಕೆ ಇಳಿದೆ. ಈ ವ್ಯಾಪಾರ ಬೇಡ, ತಪ್ಪು ಮಾಡುತ್ತಿದ್ದೀ ಎಂದು ಎಲ್ಲರೂ ಹೇಳಿದರು. ಆದರೆ ಹತ್ತಿ ಬೆಳೆಯುವುದು ಎಷ್ಟು ಗೊತ್ತೋ ಕೂದಲು ಬೆಳೆಸುವುದೂ ನನಗೆ ಅಷ್ಟೇ ಗೊತ್ತು.

ಆಮೇಲೆ ಲೆಕ್ಕ ಕೊಟ್ಟರು. ಏಳು ವರ್ಷದ ಹಿಂದೆ ಒಂದೂವರೆ ಡಾಲರ್ ಇಟ್ಟುಕೊಂಡು ಶುರು ಮಾಡಿದೆ ಎಂದರು. ಆ ವರ್ಷ ಆ ತಿಂಗಳ 19ರವರೆಗೆ ಬಂದ ಹಣ 18,000 ಡಾಲರ್. ಇಂಡಿಯಾನಾಪೊಲಿಸ್‌ನಲ್ಲಿ ಅಲ್ಲಿಯತನಕ ಒಟ್ಟು 63,049 ಡಾಲರ್. ಸ್ವಂತ ಜಾಗದಲ್ಲಿ ಸ್ವಂತ ಕಾರ್ಖಾನೆ, ಅಳತೆ 38 ಅಡಿಗೆ 208 ಅಡಿ. ಅಲ್ಲಿ ಸಂಬಳಕ್ಕೆ ಎಷ್ಟು ಜನ ಇದ್ದಾರೆ, ಅದರಲ್ಲಿ ಲೆಕ್ಕ ಬರೆಯುವವರು ಇದ್ದಾರೆ ಎಂಬುದನ್ನೂ ಹೇಳಿದರು. ಕೊನೆಗೆ, ದುಡ್ಡು ಮಾಡಿ ನನಗೊಬ್ಬಳಿಗೇ ಖರ್ಚು ಮಾಡಿಕೊಳ್ಳುವುದು ನನ್ನ ಗುರಿಯಲ್ಲ, ಅದರಲ್ಲಿ ಒಂದು ಪಾಲು ನನ್ನ ಜನರಿಗೆ ಹೋಗಬೇಕು ಎಂದು ಮುಗಿಸಿದರು.

ಅದು ಬರೀ ಭಾಷಣದ ಮಾತಾಗಿರಲಿಲ್ಲ. ಹಿಂದಿನ ವರ್ಷವೇ ಇಂಡಿಯಾನಾಪೊಲಿಸ್‌ನಲ್ಲಿ ಕಪ್ಪು ಯುವಕರಿಗಾಗಿ ಕಟ್ಟುತ್ತಿದ್ದ ವೈಎಂಸಿಎ ಕಟ್ಟಡಕ್ಕೆ 1,000 ಡಾಲರ್ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಒಬ್ಬ ಕಪ್ಪು ಮಹಿಳೆ ಅಷ್ಟು ಹಣ ಕೊಡುತ್ತಾಳೆಂದರೆ ಆಗ ಪತ್ರಿಕೆಗಳಿಗೆ ದೊಡ್ಡ ಸುದ್ದಿ.

ಸಭೆ ಚಪ್ಪಾಳೆ ತಟ್ಟಿತು. ವಾಷಿಂಗ್ಟನ್ ಹೆಚ್ಚೇನೂ ಹೇಳದೆ ಮುಂದಿನ ವಿಷಯಕ್ಕೆ ಹೋದರು.

ಮರುವರ್ಷ

ಸಿನಿಮಾ ಆಗಿದ್ದರೆ ಅಂದೇ ಎಲ್ಲ ಬದಲಾಗುತ್ತಿತ್ತು. ಇಲ್ಲಿ ಒಂದು ವರ್ಷ ಹಿಡಿಯಿತು. 1913ರ ಜುಲೈಯಲ್ಲಿ ಇಂಡಿಯಾನಾಪೊಲಿಸ್‌ನ ಆ ವೈಎಂಸಿಎ ಕಟ್ಟಡದ ಉದ್ಘಾಟನೆಗೆ ವಾಷಿಂಗ್ಟನ್ ಬಂದರು. ಉಳಿದುಕೊಂಡದ್ದು ಮೇಡಂ ವಾಕರ್ ಮನೆಯಲ್ಲಿ. ಕಾರ್ಖಾನೆ, ಕಚೇರಿ ಎಲ್ಲ ಆ ಮನೆಗೇ ಹೊಂದಿಕೊಂಡಿದ್ದವು. ಮುಂದಿನ ತಿಂಗಳು ಫಿಲಡೆಲ್ಫಿಯಾದಲ್ಲಿ ಲೀಗಿನ ಸಮ್ಮೇಳನ. ಈ ಸಲ ಅಧ್ಯಕ್ಷರೇ ಹೊಗಳಿಕೆಯ ಮಾತಿನ ಜತೆ ಪರಿಚಯಿಸಿ ಅವರನ್ನು ಮಾತಿಗೆ ಕರೆದರು.

ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಧೈರ್ಯ ಮಾಡಿದರು, ಗೆದ್ದರು ಎಂದು ಮುಗಿಸುತ್ತಾರೆ. ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಅದಾದ ನಾಲ್ಕು ವರ್ಷಕ್ಕೆ ಅವರು ಮಾಡಿದ ಕೆಲಸ. ಯಾಕೆಂದರೆ ಒಬ್ಬರಿಗೆ ಮಾತಾಡುವ ಅವಕಾಶ ಸಿಕ್ಕ ಮಾತ್ರಕ್ಕೆ ಉಳಿದವರಿಗೆ ಸಿಗುವುದಿಲ್ಲ. ಮೇಡಂ ವಾಕರ್ ಡಬ್ಬಿ ಮಾರುತ್ತಿದ್ದ ಏಜೆಂಟರು ಬೇರೆ ಬೇರೆ ಊರುಗಳಲ್ಲಿ ಚದುರಿದ್ದರು. ಅವರಲ್ಲಿ ಬಹಳ ಮಂದಿ ಮೊದಲು ಬಟ್ಟೆ ಒಗೆಯುತ್ತಿದ್ದವರು, ಅಡುಗೆ ಮಾಡುತ್ತಿದ್ದವರು. ತಮ್ಮ ಊರಿನಲ್ಲಿ ಅವರೂ ಸಣ್ಣ ವ್ಯಾಪಾರಿಗಳೇ. ಅವರನ್ನು ಯಾವ ಸಮ್ಮೇಳನಕ್ಕೆ ಯಾರು ಕರೆಯುತ್ತಾರೆ?

ಅವರದೇ ಸಮ್ಮೇಳನ

ಅದಕ್ಕೆ ಉತ್ತರವಾಗಿ ಮೇಡಂ ವಾಕರ್ ಊರೂರಿನ ಏಜೆಂಟರನ್ನು ಸಂಘಗಳಾಗಿ ಕಟ್ಟಿದರು. ತಿಂಗಳಿಗೆ 25 ಸೆಂಟ್ ವಂತಿಗೆ. ಸದಸ್ಯೆ ತೀರಿಕೊಂಡರೆ ಮನೆಯವರಿಗೆ 50 ಡಾಲರ್. ನಮ್ಮ ಸ್ವಸಹಾಯ ಸಂಘಗಳಲ್ಲಿ ಪಾಸ್‌ಬುಕ್ ಹಿಡಿದು ಕೂತವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

1917ರ ಆಗಸ್ಟ್ ಕೊನೆಯಲ್ಲಿ ಆ ಸಂಘಗಳ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಜಾಗ ಅದೇ ಫಿಲಡೆಲ್ಫಿಯಾ, ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚ್. 200ಕ್ಕೂ ಹೆಚ್ಚು ಹೆಂಗಸರು ಬಂದರು. ಅಮೆರಿಕದಲ್ಲಿ ವ್ಯಾಪಾರ ಮಾಡುವ ಮಹಿಳೆಯರು ದೇಶದ ಮಟ್ಟದಲ್ಲಿ ಸೇರಿದ ಮೊದಮೊದಲ ಸಭೆಗಳಲ್ಲಿ ಇದೂ ಒಂದು.

ಇಲ್ಲಿ ಬಹುಮಾನಗಳಿದ್ದವು. ಹೆಚ್ಚು ಮಾರಿದವರಿಗೆ, ಹೊಸ ಏಜೆಂಟರನ್ನು ಸೇರಿಸಿದವರಿಗೆ ಕೊಟ್ಟರು. ಜತೆಗೆ ತಮ್ಮ ಊರಿನ ಒಳ್ಳೆಯ ಕೆಲಸಕ್ಕೆ ಹೆಚ್ಚು ಕೊಟ್ಟ ಸಂಘಕ್ಕೂ ಬಹುಮಾನ ಇತ್ತು.

ಆ ಸಭೆ ವ್ಯಾಪಾರದ ಮಾತಿಗೇ ನಿಲ್ಲಲಿಲ್ಲ. ಅದೇ ಜುಲೈಯಲ್ಲಿ ಈಸ್ಟ್ ಸೇಂಟ್ ಲೂಯಿ ಎಂಬ ಊರಿನಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮನೆಗಳಿಗೆ ಬೆಂಕಿ ಹಚ್ಚಿ ಹತ್ತಾರು ಮಂದಿಯನ್ನು ಕೊಂದಿದ್ದವು. ಸಾರಾ ಬಟ್ಟೆ ಒಗೆದು ಬದುಕಿದ ಸೇಂಟ್ ಲೂಯಿಯಿಂದ ನದಿ ದಾಟಿದರೆ ಆ ಊರು. ಆಗಸ್ಟ್ ಮೊದಲ ದಿನ ಹಾರ್ಲೆಮ್‌ನ ಮುಖಂಡರ ಜತೆ ಮೇಡಂ ವಾಕರ್ ಕೂಡ ಅಧ್ಯಕ್ಷ ವುಡ್ರೋ ವಿಲ್ಸನ್ ಅವರನ್ನು ಕಂಡು ಮನವಿ ಕೊಡಲು ಶ್ವೇತಭವನಕ್ಕೆ ಹೋಗಿದ್ದರು. ವಿಲ್ಸನ್ ಅವರನ್ನು ನೋಡಲಿಲ್ಲ. ಮತ್ತೊಂದು ಮುಚ್ಚಿದ ಬಾಗಿಲು. ಅದೇ ತಿಂಗಳ ಕೊನೆಯಲ್ಲಿ ಈ ಹೆಂಗಸರ ಸಮ್ಮೇಳನ ವಿಲ್ಸನ್‌ಗೆ ತಂತಿ ಕಳಿಸಿತು. ಇಂಥ ಕೊಲೆಗಳನ್ನು ತಡೆಯಲು ಕಾನೂನು ತನ್ನಿ ಎಂದು ಕೇಳಿತು. ಐದು ವರ್ಷದ ಹಿಂದೆ ಒಬ್ಬರೇ ಎದ್ದು ನಿಂತು ತಮ್ಮ ವ್ಯಾಪಾರದ ಬಗ್ಗೆ ಹೇಳಿದ್ದರು. ಈಗ 200 ಮಂದಿ ಸೇರಿ ದೇಶದ ಅಧ್ಯಕ್ಷನಿಗೆ ಹೇಳಿದರು.

ಉಳಿದದ್ದು

ಮೇಡಂ ವಾಕರ್ 1919ರ ಮೇ 25ರಂದು, 51ನೇ ವಯಸ್ಸಿನಲ್ಲಿ, ನ್ಯೂಯಾರ್ಕ್ ರಾಜ್ಯದ ಇರ್ವಿಂಗ್ಟನ್‌ನಲ್ಲಿ ತಾವು ಕಟ್ಟಿಸಿದ ದೊಡ್ಡ ಮನೆಯಲ್ಲಿ ತೀರಿಕೊಂಡರು. ಸ್ವಂತ ದುಡಿಮೆಯಿಂದ ಮಿಲಿಯನೇರ್ ಆದ ಅಮೆರಿಕದ ಮೊದಲ ಮಹಿಳೆ ಎಂದು ಅವರನ್ನು ಕರೆಯುವುದುಂಟು. ಆದರೆ ಅವರು ಸತ್ತಾಗ ಲೆಕ್ಕ ಹಾಕಿದ ಆಸ್ತಿ ಸುಮಾರು 6 ಲಕ್ಷ ಡಾಲರ್, ಅಂದರೆ ಮಿಲಿಯನ್‌ಗಿಂತ ಕಡಿಮೆ. ಬದುಕಿದ್ದಾಗ ಅವರೂ ತಾನು ಮಿಲಿಯನೇರ್ ಅಲ್ಲ ಎಂದೇ ಹೇಳಿದ್ದರು. ಒಗೆಯುವ ಟಬ್ಬಿನಿಂದ ಶುರುವಾದವರ ಸಾಧನೆ ಇದರಿಂದ ಚಿಕ್ಕದಾಗುವುದಿಲ್ಲ.

ಕಂಪನಿಯ ಮುಖ್ಯಸ್ಥರು ಯಾವಾಗಲೂ ಮಹಿಳೆಯೇ ಆಗಿರಬೇಕು ಎಂದು ಬಯಸಿದ್ದರು. ಮುಂದೆ ಬರುವ ಲಾಭದಲ್ಲಿ ಮೂರರಲ್ಲಿ ಎರಡು ಪಾಲು ದಾನಕ್ಕೆ ಹೋಗಬೇಕು ಎಂದು ಉಯಿಲಿನಲ್ಲಿ ಬರೆಸಿದ್ದರು. ಇಂಡಿಯಾನಾಪೊಲಿಸ್‌ನಲ್ಲಿ 1927ರಲ್ಲಿ ತೆರೆದ ವಾಕರ್ ಕಟ್ಟಡ ಇಂದಿಗೂ ಇದೆ. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅವರ ಮೇಲೆ ಒಂದು ಸರಣಿ ಬಂತು, ನೋಡಿದವರು ಇರಬಹುದು. ಅದರಲ್ಲಿ ಕಥೆಗಾಗಿ ಕಟ್ಟಿದ್ದು ಬಹಳ ಇದೆ. ಇತಿಹಾಸ ಎಂದು ಪೂರಾ ನಂಬಬೇಡಿ.

ಓದಿದವರಲ್ಲಿ ಯಾರಾದರೂ ಮುಂದಿನ ತಿಂಗಳು ಜಿಲ್ಲಾ ಕೇಂದ್ರದ ಯಾವುದೋ ಉದ್ಯಮಿಗಳ ಸಭೆಗೆ ಒಬ್ಬರೇ ಹೋಗುವವರಿದ್ದರೆ, ಶಿಕಾಗೊದ ಆ ಮಾತನ್ನು ಮತ್ತೊಮ್ಮೆ ಓದಿ ನೋಡಿ. ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಅವರು ಎಲ್ಲಿಂದ ಬಂದೆ, ಎಷ್ಟರಿಂದ ಶುರು ಮಾಡಿದೆ, ಈಗ ಎಷ್ಟು ಬರುತ್ತಿದೆ, ಎಷ್ಟು ಜನರಿಗೆ ಕೆಲಸ ಕೊಟ್ಟಿದ್ದೇನೆ, ಇದು ಯಾತಕ್ಕೆ ಎಂದು ಹೇಳಿದರು. ಹಾಗೆ ಹೇಳಬೇಕಾದರೆ ಅದಕ್ಕೆ ಮೊದಲು ಏಳು ವರ್ಷ ಲೆಕ್ಕ ಬರೆದಿಟ್ಟಿರಬೇಕು. ಅಧ್ಯಕ್ಷರು ಕರೆಯುತ್ತಾರೋ ಬಿಡುತ್ತಾರೋ, ಲೆಕ್ಕದ ಪುಸ್ತಕ ನಮ್ಮ ಕೈಯಲ್ಲೇ ಇರುತ್ತದೆ. ಮಾತಾಡಿ ಬಂದ ಮೇಲೆ ಊರಿನಲ್ಲಿ ನಿಮ್ಮಂಥವರೇ ಇನ್ನೂ ಹತ್ತು ಮಂದಿ ಇರುತ್ತಾರೆ, ಮುಂದಿನ ಸಲ ಅವರನ್ನೂ ಜತೆಗೆ ಕರೆದುಕೊಂಡು ಹೋಗಿ.